ಸಂದೇಹದ ರೇವು

ಸಂಜೆಗತ್ತಲಲ್ಲಿ ಊರು ಸೇರಿದ ದಾರಿಗನು ಛತ್ರದ ಬಾಗಿಲನ್ನು ಕಂಡೊಡನೆಯೇ ಅರ್ಧ ದಣಿವನ್ನು ಮರೆಯುತ್ತಾನೆ. ಮೇಲೆ ಸೂರು ಉಂಟೆ, ಬಾವಿಯಲ್ಲಿ ನೀರು ಉಂಟೆ ಎಂದು ವಿಚಾರಿಸುವನೇ ಹೊರತು, ಬೆಳಗ್ಗೆ ಇಲ್ಲಿಂದ ಹೊರಡಲಾದೀತೆ ಎಂದು ಕೇಳುವುದಿಲ್ಲ. ಬಂದ ಬಾಗಿಲಿನಿಂದಲೇ ಹೋಗಬಹುದೆಂಬುದು ನೆಲದ ಮೇಲೆ ನಡೆಯುವವರ ಸಹಜವಾದ ನಂಬಿಕೆ. ಆದರೆ ಹಾಯಿಹಡಗಿನಲ್ಲಿ ದ್ವೀಪವೊಂದನ್ನು ಸುತ್ತುವ ನಾವಿಕನಿಗೆ ಈ ನಂಬಿಕೆ ಸಲ್ಲದು. ಒಳಕ್ಕೆ ಕರೆತಂದ ಗಾಳಿಯೇ ಮರುದಿನ ಬಾಗಿಲನ್ನು ಮುಚ್ಚಿ ನಿಲ್ಲಬಹುದು. ಆದಕಾರಣ ರಾತ್ರಿಯ ತಂಗುದಾಣವನ್ನು ಆತನು ಆರಿಸುವ ಕ್ರಮದಲ್ಲಿ, ಆಶ್ರಯವನ್ನು ಯಾವ ಅಳತೆಯಿಂದ ಅಳೆಯಬೇಕೆಂಬ ಪ್ರಶ್ನೆಗೆ ನಮಗೂ ಸಲ್ಲುವ ಉತ್ತರವೊಂದು ದೊರೆಯುವುದೆಂದು ನನಗೆ ತೋರುತ್ತದೆ.

ನಕ್ಷೆಯನ್ನು ನೋಡುವವರಿಗೆ ಕೊಲ್ಲಿಗಳೆಲ್ಲವೂ ತೆರೆದ ತೋಳುಗಳಂತೆ ಕಾಣುವುವು. ನಾವಿಕನಿಗೆ ಹಾಗಲ್ಲ. ಪಡುವಣ ಗಾಳಿಗೆ ಮರೆಯಾಗಿರುವ ಕೊಲ್ಲಿಯು ಮೂಡಣ ಗಾಳಿಗೆ ಎದೆಯೊಡ್ಡಿರುತ್ತದೆ. ಸಂಜೆ ಕನ್ನಡಿಯಂತಿದ್ದ ನೀರು, ಗಾಳಿ ದಿಕ್ಕು ತಿರುಗಿದ ನಡುರಾತ್ರಿಯಲ್ಲಿ ಹಡಗನ್ನು ಬಂಡೆಯತ್ತ ತಳ್ಳುವ ಶತ್ರುವಾಗುತ್ತದೆ. ಅಡಿಯ ನೆಲವೂ ಮುಖ್ಯ. ಸೀಸದ ಗುಂಡನ್ನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟು ಎಷ್ಟು ಮಾರು ಆಳವೆಂದು ನೋಡುವರು. ಆ ಗುಂಡಿನ ತಳದ ಕುಳಿಯಲ್ಲಿ ಮೆತ್ತಿದ ಕೊಬ್ಬಿಗೆ ಅಂಟಿಬರುವುದು ಮರಳೋ, ಕೆಸರೋ ಎಂದು ಪರೀಕ್ಷಿಸುವರು. ಏನೂ ಅಂಟದಿದ್ದರೆ ಬರಿಯ ಬಂಡೆಯಿರಬಹುದು. ಅಲ್ಲಿ ಲಂಗರು ಕಚ್ಚುವುದು ಅನುಮಾನ. ಆಳಕ್ಕಿಂತ ಹಲವು ಪಾಲು ಉದ್ದದ ಹಗ್ಗವನ್ನು ಬಿಟ್ಟು, ಆ ಹಗ್ಗದ ತುದಿಯಲ್ಲಿ ಹಡಗು ಸುತ್ತಲೂ ತಿರುಗುವುದಕ್ಕೆ ಎಡೆಯಿದೆಯೆ ಎಂದೂ ನೋಡಬೇಕು. ಇವೆಲ್ಲ ಸರಿಯಾಗಿದ್ದರೂ ಕೊನೆಯ ಪ್ರಶ್ನೆಯೊಂದು ಉಳಿಯುತ್ತದೆ: ಹೊರಡುವುದು ಹೇಗೆ?

ಈ ಪ್ರಶ್ನೆಯನ್ನು ಇಂಗ್ಲೆಂಡಿನ ನಾವಿಕ ಜೇಮ್ಸ್ ಕುಕ್ಕನು ಒಮ್ಮೆ ಬಹಳ ಸ್ಪಷ್ಟವಾಗಿ ಕೇಳಿಕೊಂಡನು. ೧೭೬೯ರ ಅಕ್ಟೋಬರಿನಿಂದ ೧೭೭೦ರ ಮಾರ್ಚಿಯವರೆಗೆ ಆತನು ಎಂಡೆವರ್ ಎಂಬ ಹಡಗಿನಲ್ಲಿ ನ್ಯೂಜಿಲೆಂಡಿನ ಎರಡು ದೊಡ್ಡ ದ್ವೀಪಗಳನ್ನೂ ಸುತ್ತಿ ಅವುಗಳ ನಕ್ಷೆಯನ್ನು ಬರೆದನು. ದಕ್ಷಿಣ ದ್ವೀಪದ ತುದಿಯ ಬಳಿ, ಮಾರ್ಚಿ ೯ರ ಬೆಳಕು ಹರಿಯುವಾಗ, ನೀರಿನಲ್ಲಿ ಅಡಗಿದ್ದ ಬಂಡೆಸಾಲುಗಳು ಹಡಗಿನ ಸಮೀಪದಲ್ಲಿಯೇ ಕಾಣಿಸಿದುವು. ಎಚ್ಚರದಪ್ಪಿದವರನ್ನು ಹಿಡಿಯುವ ಬಲೆಗಳಂತಿದ್ದುದರಿಂದ ಅವುಗಳಿಗೆ ಬಲೆಗಳೆಂದೇ ಆತನು ಹೆಸರಿಟ್ಟನು. ಅಂತಹ ರಾತ್ರಿಗಳನ್ನು ಕಳೆದವರಿಗೆ ಶಾಂತವಾದ ರೇವೊಂದು ಎಷ್ಟು ಬೇಕಾಗಿತ್ತೆಂದು ಹೇಳಬೇಕಾಗಿಲ್ಲ.

ಐದು ದಿನಗಳ ತರುವಾಯ, ಮಾರ್ಚಿ ೧೪ರಂದು, ಪಡುವಣ ತೀರದ ಎತ್ತರವಾದ ಬೆಟ್ಟಗಳ ನಡುವೆ ಒಳಚಾಚಿದ ನೀರೊಂದು ಕಂಡಿತು. ಹಡಗಿನಲ್ಲಿದ್ದ ಸಸ್ಯಶಾಸ್ತ್ರಜ್ಞ ಜೋಸೆಫ್ ಬ್ಯಾಂಕ್ಸನು ಇಳಿದು ನೋಡಬೇಕೆಂದು ಬಯಸಿದನು. ಕುಕ್ಕನು ಒಪ್ಪಲಿಲ್ಲ. ಇಕ್ಕೆಲದಲ್ಲಿಯೂ ಗೋಡೆಯಂತೆ ನಿಂತ ಬೆಟ್ಟಗಳಿರುವಲ್ಲಿ ಗಾಳಿಯು ನೆಟ್ಟಗೆ ಒಳಕ್ಕೆ ಇಲ್ಲವೆ ನೆಟ್ಟಗೆ ಹೊರಕ್ಕೆ ಮಾತ್ರವೇ ಬೀಸುವುದು. ಆ ತೀರದಲ್ಲಿ ಪಡುವಣ ಗಾಳಿಯೇ ಪ್ರಬಲ. ಹೊರಕ್ಕೆ ಬೀಸುವ ಗಾಳಿ ತಿಂಗಳಿಗೆ ಒಂದು ದಿನ ದೊರೆತರೆ ಹೆಚ್ಚು ಎಂಬುದು ಆತನ ಲೆಕ್ಕ. ಒಳಗೆ ಹೋಗುವುದು ಸುಲಭವಾಗಿಯೇ ಇತ್ತು; ಆ ಸುಲಭದಲ್ಲಿಯೇ ಅಪಾಯವಿತ್ತು. ಆ ಸ್ಥಳಕ್ಕೆ ಡೌಟ್‌ಫುಲ್ ರೇವು, ಎಂದರೆ ಸಂದೇಹದ ರೇವು, ಎಂದು ಹೆಸರಿಟ್ಟು ಆತನು ಮುಂದಕ್ಕೆ ಸಾಗಿದನು.

ಇದು ಹೇಡಿತನವಲ್ಲವೆ ಎಂದು ಕೇಳಬಹುದು. ಎಲ್ಲ ಬಾಗಿಲುಗಳನ್ನೂ ಸಂದೇಹಿಸುವವನು ಎಲ್ಲಿಯೂ ತಂಗಲಾರನು. ಅಲ್ಲದೆ ಬ್ಯಾಂಕ್ಸನು ಬಯಸಿದ್ದು ಸುಖವನ್ನಲ್ಲ, ಜ್ಞಾನವನ್ನು. ಆಕ್ಷೇಪಣೆಯು ಬಲವಾದುದೇ. ಆದರೆ ಅದೇ ಕುಕ್ಕನು ಎರಡನೆಯ ಯಾತ್ರೆಯಲ್ಲಿ, ೧೭೭೩ರ ಮಾರ್ಚಿಯಲ್ಲಿ, ಅದೇ ತೀರದ ಡಸ್ಕಿ ಎಂಬ ಒಳಗಡಲನ್ನು ಹೊಕ್ಕನು. ಆಗ ಆತನ ಜನರು ಸುಮಾರು ನಾಲ್ಕು ತಿಂಗಳು ದಕ್ಷಿಣದ ಮಂಜುಗಡ್ಡೆಯ ಕಡಲಿನಲ್ಲಿ ನೆಲವನ್ನೇ ಕಾಣದೆ ಬಳಲಿದ್ದರು. ಅಲ್ಲಿ ವಿಶ್ರಾಂತಿ ದೊರೆಯಿತು. ಆದರೆ ಏಪ್ರಿಲ್ ತಿಂಗಳ ಕೊನೆಯಲ್ಲಿ ಲಂಗರೆತ್ತಿದ ಮೇಲೂ ಗಾಳಿಯ ಪ್ರತಿಕೂಲದಿಂದ ಹೊರಗಡಲನ್ನು ಸೇರಿದ್ದು ಮೇ ೧೧ರಂದು. ಸಂದೇಹವು ಸುಳ್ಳಾಗಿರಲಿಲ್ಲ, ಅಗತ್ಯವು ದೊಡ್ಡದಾಗಿತ್ತು. ಆದುದರಿಂದ ಸಂದೇಹವೆಂದರೆ ನಿರಾಕರಣೆಯಲ್ಲ, ಹೊರಡುವುದರ ಬೆಲೆಯನ್ನು ಹೊಗುವುದಕ್ಕೆ ಮೊದಲೇ ಎಣಿಸುವುದು. ತನ್ನೊಬ್ಬನ ಪ್ರಾಣವನ್ನು ಪಣವಾಗಿಡುವವನು ಈ ಎಣಿಕೆಯನ್ನು ಬಿಟ್ಟರೂ ಬಿಡಬಹುದು. ಹಡಗಿನ ಜನರೆಲ್ಲರ ಪ್ರಾಣವನ್ನು ಕೈಯಲ್ಲಿ ಹಿಡಿದವನಿಗೆ ಅದನ್ನು ಬಿಡುವ ಅಧಿಕಾರವಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಇದು ಜಾಣತನದ ಪಾಠವಾಗುತ್ತಿತ್ತೇ ಹೊರತು ಧರ್ಮದ ಪ್ರಶ್ನೆಯಾಗುತ್ತಿರಲಿಲ್ಲ. ಆದರೆ ರೇವೆಂಬುದು ಬರಿಯ ನೀರೂ ನೆಲವೂ ಅಲ್ಲ. ನಮಗೆ ಒಂದು ರಾತ್ರಿಯ ತಂಗುದಾಣವಾದುದು ಇನ್ನೊಬ್ಬರಿಗೆ ತಲೆಮಾರುಗಳ ಮನೆ. ಬಾಗಿಲನ್ನು ಮುಚ್ಚುವುದು ಗಾಳಿಯೊಂದೇ ಅಲ್ಲ. ಮನೆಯವರ ಮನಸ್ಸೂ ಮುಚ್ಚಬಲ್ಲುದು. ನ್ಯೂಜಿಲೆಂಡಿನಲ್ಲಿ ಕುಕ್ಕನು ಮೊದಲು ಇಳಿದ ಕೊಲ್ಲಿಯಲ್ಲಿಯೇ, ೧೭೬೯ರ ಅಕ್ಟೋಬರಿನಲ್ಲಿ, ಆತನ ಜನರ ಗುಂಡಿಗೆ ಹಲವರು ಮಾವೊರಿಗಳು ಬಲಿಯಾದರು. ಬೇಕಾದುದೇನೂ ದೊರೆಯಲಿಲ್ಲವೆಂದು ಆತನು ಆ ಸ್ಥಳಕ್ಕೆ ಬಡತನದ ಕೊಲ್ಲಿಯೆಂದು ಹೆಸರಿಟ್ಟನು. ಆ ಬಡತನದಲ್ಲಿ ತನ್ನ ಪಾಲೆಷ್ಟೆಂಬುದು ಹೆಸರಿನಲ್ಲಿ ಕಾಣದು.

ಅದೇ ವರ್ಷದ ಡಿಸೆಂಬರಿನಲ್ಲಿ, ಉತ್ತರ ದ್ವೀಪದ ತುದಿಗೆ ಹತ್ತಿರವಾದ ಕೊಲ್ಲಿಯೊಂದನ್ನು ಕುಕ್ಕನು ಹೊರಗಿನಿಂದಲೇ ನೋಡಿ, ಇದು ನಿಸ್ಸಂದೇಹವಾಗಿ ಕೊಲ್ಲಿಯೇ ಎಂಬರ್ಥದಲ್ಲಿ ಡೌಟ್‌ಲೆಸ್ ಎಂದು ಗುರುತಿಸಿ ಹೋಗಿದ್ದನು. ಒಂದು ವಾರದ ಬಳಿಕ ಸುರ್ವಿಲ್ ಎಂಬ ಫ್ರೆಂಚ್ ನಾಯಕನ ಹಡಗು ಅಲ್ಲಿಗೆ ಬಂದಿತು. ಅದು ಆ ವರ್ಷದ ಜೂನಿನಲ್ಲಿ ನಮ್ಮ ಪುದುಚೇರಿಯಿಂದ ಹೊರಟ ಹಡಗು. ದಾರಿಯಲ್ಲಿ ರಕ್ತಪಿತ್ತ ವ್ಯಾಧಿಯಿಂದ ಅನೇಕರು ಸತ್ತಿದ್ದರು. ಡಿಸೆಂಬರ್ ೨೭ರ ಬಿರುಗಾಳಿಯಲ್ಲಿ ಆ ನಿಸ್ಸಂದೇಹದ ಕೊಲ್ಲಿಯಲ್ಲಿಯೇ ಆತನು ಲಂಗರುಗಳನ್ನು ಕಳೆದುಕೊಂಡನು. ದಡದಲ್ಲಿ ಸಿಕ್ಕಿಬಿದ್ದ ರೋಗಿಗಳನ್ನು ರಂಗಿನುಯಿ ಎಂಬ ಮಾವೊರಿ ಮುಖಂಡನು ಆದರಿಸಿದನು. ಆದರೆ ಬಿರುಗಾಳಿಯಲ್ಲಿ ತಪ್ಪಿಹೋದ ದೋಣಿಯೊಂದು ಅಲ್ಲಿನವರ ಕೈಗೆ ಸಿಕ್ಕಿತೆಂದು ಸುರ್ವಿಲನು ಕೆರಳಿ, ಗುಡಿಸಲುಗಳನ್ನು ಸುಡಿಸಿ, ಆ ರಂಗಿನುಯಿಯನ್ನೇ ಸೆರೆಹಿಡಿದು ಕಡಲಿಗೆ ಒಯ್ದನು. ಆಶ್ರಯವಿತ್ತವನು ೧೭೭೦ರ ಮಾರ್ಚಿಯಲ್ಲಿ ತನ್ನ ನೆಲದಿಂದ ಬಹುದೂರದಲ್ಲಿ ಸತ್ತನು. ಏಪ್ರಿಲಿನಲ್ಲಿ ಸುರ್ವಿಲನು ಪೆರು ದೇಶದ ತೀರದಲ್ಲಿ, ನೆರವನ್ನು ಯಾಚಿಸುವುದಕ್ಕೆಂದು ದೋಣಿಯಲ್ಲಿ ಹೋಗುವಾಗ, ಅಲೆಗಳಿಗೆ ಸಿಕ್ಕಿ ಮುಳುಗಿದನು. ಇದನ್ನು ದೈವದ ತೀರ್ಪೆಂದು ನಾನು ಹೇಳುವುದಿಲ್ಲ. ಆಶ್ರಯವನ್ನು ಕೊಟ್ಟ ಕೈಯನ್ನು ಕಟ್ಟಿದವನಿಗೂ ಮತ್ತೆ ಆಶ್ರಯವನ್ನು ಬೇಡುವ ದಿನ ಬಂದಿತೆಂಬುದನ್ನು ಮಾತ್ರ ನೆನಪಿಡಬಹುದು.

ಕುಕ್ಕನ ಕಥೆಯೂ ಇಲ್ಲಿಗೇ ಬಂದು ನಿಲ್ಲುವುದು ಶೋಚನೀಯವಾಗಿದೆ. ೧೭೭೮ರ ನವೆಂಬರಿನ ಕೊನೆಯಿಂದ ಏಳು ವಾರಗಳ ಕಾಲ ಆತನು ಹವಾಯಿ ದ್ವೀಪವನ್ನು ಸುತ್ತುತ್ತ, ತಂಗಲು ತಕ್ಕ ರೇವನ್ನು ಹುಡುಕಿ, ೧೭೭೯ರ ಜನವರಿ ೧೭ರಂದು ಕಿಯಲಕೆಕುವ ಎಂಬ ಕೊಲ್ಲಿಯಲ್ಲಿ ಲಂಗರು ಹಾಕಿದನು. ಅಲ್ಲಿನ ಜನರು ಎರಡು ಹಡಗುಗಳಿಗೂ ಧಾರಾಳವಾಗಿ ಆಹಾರವನ್ನು ಒದಗಿಸಿದರು. ಫೆಬ್ರವರಿ ೪ರಂದು ಹೊರಟವರು, ಬಿರುಗಾಳಿಗೆ ಮುಂದಣ ಕೂವೆಮರ ಸೀಳಿದ್ದರಿಂದ, ೧೧ರಂದು ಅಲ್ಲಿಗೇ ಮರಳಿದರು. ಅದೇ ನೀರು, ಅದೇ ಬೆಟ್ಟ, ಅದೇ ಮರೆ. ಆದರೆ ಮನೆಯವರ ಮನಸ್ಸು ಮೊದಲಿನಂತಿರಲಿಲ್ಲ. ದೋಣಿಯೊಂದು ಕಳವಾಯಿತು. ಅದಕ್ಕೆ ಪ್ರತಿಯಾಗಿ ಅಲ್ಲಿನ ಅರಸನನ್ನೇ ಒತ್ತೆಯಾಗಿ ಹಿಡಿದು ತರಲು ಕುಕ್ಕನು ದಡಕ್ಕಿಳಿದನು. ೧೪ರಂದು ನಡೆದ ಆ ಗಲಭೆಯಲ್ಲಿ ಆತನೂ, ಆತನ ನಾಲ್ವರು ಸೈನಿಕರೂ, ಹವಾಯಿಯ ಅನೇಕ ಜನರೂ ಮಡಿದರು. ಗಾಳಿಯ ವಿಷಯದಲ್ಲಿ ಅಷ್ಟು ಎಚ್ಚರಿಕೆಯಿಂದ ಸಂದೇಹಿಸಿದವನು, ಆತಿಥ್ಯಕ್ಕೂ ಒಂದು ಋತುವುಂಟೆಂಬುದನ್ನು ಸಂದೇಹಿಸಲಿಲ್ಲ.

ಹೀಗೆ ಹೊರಡುವ ಪ್ರಶ್ನೆಗೆ ಎರಡು ಮುಖಗಳಿರುವುವು. ನಾಳೆ ಇಲ್ಲಿಂದ ಹೊರಡಬಲ್ಲೆನೆ ಎಂಬುದು ಒಂದು. ಮತ್ತೆ ಬಂದರೆ ಮುಖವೆತ್ತಿ ನಿಲ್ಲುವಂತೆ ಹೊರಡಬಲ್ಲೆನೆ ಎಂಬುದು ಇನ್ನೊಂದು. ಮೊದಲನೆಯದು ವಿವೇಕ, ಎರಡನೆಯದು ಧರ್ಮ. ನಾವೂ ಉದ್ಯೋಗದಲ್ಲಿ, ಸಾಲದಲ್ಲಿ, ದೊಡ್ಡವರ ದಾಕ್ಷಿಣ್ಯದಲ್ಲಿ, ಒಂದು ಅಭಿಪ್ರಾಯದ ನೆರಳಿನಲ್ಲಿ ಆಶ್ರಯವನ್ನು ಹುಡುಕುವವರೇ. ಹೊಗುವಾಗ ಇವೆಲ್ಲವೂ ಶಾಂತವಾದ ಕೊಲ್ಲಿಗಳೇ. ಬಾಗಿಲಲ್ಲಿ ಒಂದು ಗಳಿಗೆ ನಿಂತು ಗಾಳಿಯನ್ನು ನೋಡುವುದು ಸಂಕೋಚದ ಕೆಲಸವಲ್ಲ. ಒಳಹೊಕ್ಕ ಮೇಲೆ ಮನೆ ತಮ್ಮದಲ್ಲವೆಂದು ನೆನೆಯುವುದು ಅದಕ್ಕಿಂತ ಕಷ್ಟ. ಅದನ್ನು ದೊಡ್ಡ ನಾವಿಕರೂ ಮರೆತಿದ್ದಾರೆ.