ಯಾರ ನೆಮ್ಮದಿಗೆ ಈ ನಿದ್ದೆ?

ತಮಿಳರ ಆಡಿ ತಿಂಗಳು ಬಂತೆಂದರೆ ಬೆಂಗಳೂರಿನ ಹಲಸೂರು, ಜೋಗುಪಾಳ್ಯದ ಕಡೆಯ ಅಮ್ಮನ ಗುಡಿಗಳ ಮುಂದೆ ತಮಟೆ ಜೋರಾಗುತ್ತದೆ. ಬೇವಿನ ಸೊಪ್ಪು ಹಿಡಿದು ನಿಂತ ಒಬ್ಬಾಕೆಯ ಮೈಮೇಲೆ ಅಮ್ಮ ಬರುತ್ತಾಳೆ. ಪಕ್ಕದಲ್ಲಿ ನಿಂತ ತಂಗಿಗೆ ಬರುವುದಿಲ್ಲ, ತಮಟೆ ಬಡಿಯುವವನಿಗೂ ಬರುವುದಿಲ್ಲ. ಎದುರಿನ ಅಂಗಡಿಯಾತ ಅದೇ ಸದ್ದಿನ ನಡುವೆ ಚಿಲ್ಲರೆ ಎಣಿಸುತ್ತಿರುತ್ತಾನೆ. ಆದರೂ ತಮಟೆಯದು 'ಪರವಶಗೊಳಿಸುವ ನಾದ' ಎಂದೇ ಬರೆಯುವುದು ರೂಢಿ. ಲಾಲಿ 'ನಿದ್ದೆ ಬರಿಸುವ' ಹಾಡು, ಗುಳಿಗೆ 'ಶಾಮಕ', ಹೆಂಡ 'ಮತ್ತೇರಿಸುವ' ಪಾನೀಯ. ಇಂಥ ಮಾತುಗಳು ವಸ್ತುವಿನೊಳಗೆ ಒಂದು ಶಕ್ತಿಯನ್ನು ಕೂರಿಸುತ್ತವೆ. ಅದನ್ನು ಕೊಟ್ಟವರೂ ತೆಗೆದುಕೊಂಡವರೂ ಮರೆಗೆ ಸರಿಯುತ್ತಾರೆ.

ಫ್ರಾನ್ಸಿನ ಮೊಲಿಯೇರ್ 1673ರಲ್ಲಿ, ತನ್ನ ಕೊನೆಯ ನಾಟಕದಲ್ಲಿ ಈ ದೋಷವನ್ನೇ ಎತ್ತಿ ತೋರಿಸಿದ. ಅಫೀಮು ಯಾಕೆ ನಿದ್ದೆ ಬರಿಸುತ್ತದೆ ಎಂದು ಕೇಳಿದರೆ, ವೈದ್ಯನಾಗಲು ಹೊರಟವನು ಅದರಲ್ಲಿ ನಿದ್ದೆ ಬರಿಸುವ ಗುಣವಿದೆ ಎನ್ನುತ್ತಾನೆ. ಪರೀಕ್ಷಕರು ಮೆಚ್ಚುತ್ತಾರೆ. ಸರಿಯಾದ ಉತ್ತರದ ಎಳೆ ಸಿಕ್ಕಿದ್ದು 300 ವರ್ಷಗಳ ಬಳಿಕ. ಅಫೀಮಿನ ಮಾರ್ಫೀನ್ ಹೋಗಿ ಅಂಟಿಕೊಳ್ಳುವ ಗ್ರಾಹಕಗಳು ಮಿದುಳಿನಲ್ಲಿವೆ ಎಂಬುದು 1973ರಲ್ಲಿ ಗೊತ್ತಾಯಿತು, ಅದೇ ಬಗೆಯ ರಾಸಾಯನಿಕವನ್ನು ದೇಹ ತಾನೇ ತಯಾರಿಸಿಕೊಳ್ಳುತ್ತದೆ ಎಂಬುದು 1975ರಲ್ಲಿ. ಗಿಡದ್ದೆಂದು ನಂಬಿದ್ದ ಶಕ್ತಿಯಲ್ಲಿ ಅದನ್ನು ಬರಮಾಡಿಕೊಳ್ಳುವ ದೇಹಕ್ಕೂ ಪಾಲಿತ್ತು.

ಅದೇ ಗಿಡದ ಬೀಜ ನಮ್ಮ ಗಸಗಸೆ. ಹಬ್ಬದೂಟದ ಕೊನೆಗೆ ಗಸಗಸೆ ಪಾಯಸ ಕುಡಿದು ಮಧ್ಯಾಹ್ನ ಜೊಂಪು ಹತ್ತಿದರೆ ಎಲ್ಲರೂ ಗಸಗಸೆಯನ್ನೇ ದೂರುತ್ತಾರೆ. ಅಫೀಮು ಇರುವುದು ಹಸಿಕಾಯಿಯ ಹಾಲಿನಲ್ಲಿ. ಬೀಜಕ್ಕೆ ಅಂಟಿ ಬರುವುದು ಬಹಳ ಕಡಿಮೆ, ತೊಳೆದು ಹುರಿದು ಕುದಿಸುವಾಗ ಅದೂ ಇಳಿಯುತ್ತದೆ. ಹೋಳಿಗೆ, ಅನ್ನ, ಬೆಲ್ಲ, ಕಾಯಿಹಾಲು, ನಸುಕಿನಿಂದ ಒಲೆಯ ಮುಂದೆ ನಿಂತ ದಣಿವು, ಎಲ್ಲವೂ ಸೇರಿ ಕಣ್ಣೆಳೆಯುತ್ತವೆ.

ಇದಿಷ್ಟೇ ಆಗಿದ್ದರೆ ತರ್ಕದ ತಪ್ಪು ಎಂದು ಬಿಟ್ಟುಬಿಡಬಹುದಿತ್ತು. 'ಶಾಂತಗೊಳಿಸುವ' ಎಂಬ ಮಾತಿಗೆ ಬಂದಾಗ ಅದು ನ್ಯಾಯದ ಪ್ರಶ್ನೆಯಾಗುತ್ತದೆ.

ಅಮೆರಿಕದ ಫಿಲಡೆಲ್ಫಿಯಾದಲ್ಲಿ ಬೆಂಜಮಿನ್ ರಶ್ ಎಂಬ ಹೆಸರಾಂತ ವೈದ್ಯರು 19ನೇ ಶತಮಾನದ ಆರಂಭದಲ್ಲಿ ಒಂದು ಕುರ್ಚಿ ಮಾಡಿಸಿದ್ದರು. ಮಾನಸಿಕ ರೋಗಿಯನ್ನು ಅದರಲ್ಲಿ ಕೂರಿಸಿ ಕೈಕಾಲು, ಎದೆಗೆ ಪಟ್ಟಿ ಬಿಗಿದು, ತಲೆಯನ್ನು ಮರದ ಪೆಟ್ಟಿಗೆಯೊಳಗೆ ಸಿಕ್ಕಿಸುತ್ತಿದ್ದರು. ಅದಕ್ಕೆ ಅವರಿಟ್ಟ ಹೆಸರು 'ಟ್ರ್ಯಾಂಕ್ವಿಲೈಜರ್'. ಅದೇ ಹೆಸರು 1950ರ ದಶಕದಲ್ಲಿ ಮಾತ್ರೆಗೆ ಬಂತು, ಅದೂ ನಮ್ಮ ಸರ್ಪಗಂಧದ ನೆಪದಿಂದ. ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್ 1931ರಲ್ಲೇ ಈ ಬೇರಿನ ಬಗ್ಗೆ ಬರೆದಿದ್ದರು. ಅದರಿಂದ 1952ರಲ್ಲಿ ಆ ಮಾತ್ರೆಯ ಮದ್ದಾದ ರೆಸರ್ಪಿನ್ ಬೇರ್ಪಟ್ಟಿತು. ಕುರ್ಚಿಗೂ ಮಾತ್ರೆಗೂ ಅಜಗಜಾಂತರ, ನಿಜ. ಆದರೆ ಹೆಸರು ಒಂದೇ ಆಗಲು ಸಾಧ್ಯವಾದದ್ದಕ್ಕೆ ಕಾರಣವಿದೆ: ಎರಡೂ ಕಡೆ ಶಾಂತಿಯನ್ನು ಅಳೆದವರು ಹೊರಗೆ ನಿಂತವರು. ಕೂಗಾಟ ನಿಂತರೆ ರೋಗಿ ಶಾಂತನಾದ ಎಂದು ಬರೆದುಕೊಂಡರು. ಒಳಗೆ ಅವನಿಗೇನಾಗುತ್ತಿತ್ತು ಎಂಬುದು ಆ ಮಾತಿನಲ್ಲಿ ಇಲ್ಲ.

ಮುಂಬೈಯ ಗಿರಣಿ ಕೆಲಸದ ತಾಯಂದಿರು ಹಸುಗೂಸುಗಳಿಗೆ 'ಬಾಲಗೋಲಿ' ಎಂಬ ಅಫೀಮಿನ ಗುಳಿಗೆ ಕೊಟ್ಟು ಪಾಳಿಗೆ ಹೋಗುತ್ತಿದ್ದ ಕಾಲವೊಂದಿತ್ತು. ಆ ತಾಯಂದಿರನ್ನು ದೂಷಿಸುವುದು ಅನ್ಯಾಯ. ಸೀರೆಯ ಜೋಲಿ ತೂಗಲು ಪಕ್ಕದಲ್ಲೊಬ್ಬರು ಕೂರಬೇಕು, ಗುಳಿಗೆಗೆ ಯಾರೂ ಬೇಕಿಲ್ಲ. ಮಗು ಮಲಗಿದ್ದು ಗಿರಣಿಯ ಗಂಟೆಗೆ ಹೊಂದಿಕೊಳ್ಳಲಿಕ್ಕೆ.

ಮೈಮೇಲೆ ಬಂದಾಕೆಯ ಸುತ್ತ ಏನು ನಡೆಯುತ್ತದೆ ಎಂಬುದನ್ನು ಇದರ ಪಕ್ಕಕ್ಕಿಟ್ಟು ನೋಡಬೇಕು. ಬೀಳದಂತೆ ಇಬ್ಬರು ಸೊಂಟ ಹಿಡಿಯುತ್ತಾರೆ. ಹಿರಿಯಳೊಬ್ಬಳು 'ಯಾರು ತಾಯೀ ನೀನು, ಏನು ಬೇಕು?' ಎಂದು ಕೇಳುತ್ತಾಳೆ, ಉತ್ತರಕ್ಕೆ ಕಾಯುತ್ತಾಳೆ. ಕರ್ಪೂರ ಬೆಳಗಿ, ನಿಂಬೆಹಣ್ಣು ಕೊಟ್ಟು, ನೀರು ಕುಡಿಸಿ ಇಳಿಸುತ್ತಾರೆ. ಸಂಗೀತವೊಂದೇ ಪರವಶತೆಯನ್ನು ಹುಟ್ಟಿಸದು, ಸಮುದಾಯದ ನಂಬಿಕೆ, ಸಂದರ್ಭಗಳು ಅದಕ್ಕೆ ರೂಪ ಕೊಡುತ್ತವೆ ಎಂದು ಫ್ರಾನ್ಸಿನ ವಿದ್ವಾಂಸ ಜಿಲ್ಬೇರ್ ರುಜೆ 1980ರ ತಮ್ಮ ಗ್ರಂಥದಲ್ಲಿ ವಾದಿಸಿದ್ದು ಇಲ್ಲಿ ಕಣ್ಣಿಗೆ ಕಾಣುತ್ತದೆ. ಎಚ್ಚರ ತಪ್ಪಿದವಳ ಮಾತಿಗೆ ಅಲ್ಲಿ ಕಿವಿಗಳಿವೆ.

ಮದ್ದು ಬೇಡವೆಂದು ಇದರಿಂದ ಹೇಳಿದಂತಾಗದು. ನಾಲ್ಕು ರಾತ್ರಿ ಕಣ್ಣು ಮುಚ್ಚದೆ ಉನ್ಮಾದದಲ್ಲಿ ಬೀದಿಗೆ ಓಡುವ ಮಗನನ್ನು ಕಂಡ ಮನೆಯವರಿಗೆ ಒಂದು ಇಂಜೆಕ್ಷನ್ ಎಷ್ಟು ದೊಡ್ಡ ಉಪಕಾರವೆಂದು ಗೊತ್ತು. ಆ ಮಗನಿಗೂ ಅದು ಉಪಕಾರವೇ. ಅಂಥ ಹುಡುಗನನ್ನು ಕರೆದೊಯ್ಯುವ ನಿಮ್ಹಾನ್ಸ್‌ನಲ್ಲಿ ಮನೆಯವರೊಬ್ಬರು ರೋಗಿಯ ಜೊತೆಗೇ ವಾರ್ಡಿನಲ್ಲಿ ಉಳಿಯುವ ಪದ್ಧತಿ ಹಳೆಯದು, ಒಳ್ಳೆಯದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ರೋಗಿಗೆ ಸರಪಳಿ ಹಾಕುವುದನ್ನು ನಿಷೇಧಿಸಿದೆ. ಸರಪಳಿಯನ್ನಾದರೆ ಯಾರು ಬೇಕಾದರೂ ಗುರುತಿಸಬಹುದು. ಅಗತ್ಯಕ್ಕಿಂತ ಹೆಚ್ಚಾದ ಮಾತ್ರೆಯನ್ನು ಗುರುತಿಸಲು ಯಾರಾದರೂ ಕೇಳಲೇಬೇಕು.

ಹೆಚ್ಚು ಕೇಳಬೇಕಾದ್ದು ಮರೆವಿನ ಕಾಯಿಲೆಯ ಹಿರಿಯರ ವಿಷಯದಲ್ಲಿ. ಸಂಜೆಯಾಗುತ್ತಲೇ ಚಡಪಡಿಸಿ ಬಾಗಿಲು ತೆಗೆಯುವ ಅಜ್ಜಿಗೆ ಮನೋವಿಕಾರದ ಮಾತ್ರೆ ಕೊಟ್ಟರೆ ಮನೆ ನಿಶ್ಶಬ್ದವಾಗುತ್ತದೆ. ಡಿಮೆನ್ಷಿಯಾ ಇರುವ ವೃದ್ಧರಲ್ಲಿ ಈ ಬಗೆಯ ಹೊಸ ಔಷಧಗಳು ಸಾವಿನ ಅಪಾಯ ಹೆಚ್ಚಿಸುತ್ತವೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲೇ ಎಚ್ಚರಿಸಿದೆ. ಹಾಗಾಗಿ ವೈದ್ಯರ ಮುಂದೆ ಕೂತಾಗ ಕೇಳಬೇಕಾದ ಪ್ರಶ್ನೆಗಳಿವೆ. ಅಜ್ಜಿಯ ಚಡಪಡಿಕೆಗೆ ಮೂತ್ರದ ಸೋಂಕೋ ಮಂಡಿನೋವೋ ಕಾರಣವಿರಬಹುದೇ? ಈ ಮಾತ್ರೆ ಎಷ್ಟು ವಾರ? ಹಗಲಲ್ಲಿ ಎದ್ದು ಕೂತು ನಾಲ್ಕು ಮಾತಾಡುವಷ್ಟು ಎಚ್ಚರ ಅವರಿಗೆ ಉಳಿಯುತ್ತದೆಯೇ?