ವರ ಯಾರಿಗೆ, ಶಾಪ ಯಾರಿಗೆ?

ಕನ್ನಡ ಶಾಲೆಯಲ್ಲಿ ಓದಿದವರಲ್ಲಿ ‘ವಿಜ್ಞಾನ: ವರವೋ ಶಾಪವೋ’ ಎಂಬ ವಿಷಯದ ಮೇಲೆ ಭಾಷಣ ಮಾಡದವರು, ಕೊನೆಪಕ್ಷ ಕೇಳದವರು ಸಿಗುವುದು ಕಷ್ಟ. ವರ ಎನ್ನುವವರು ವಿದ್ಯುತ್ತು, ಲಸಿಕೆ, ಕಂಪ್ಯೂಟರ್ ಎಂದು ಪಟ್ಟಿ ಕೊಡುತ್ತಾರೆ. ಶಾಪ ಎನ್ನುವವರು ಹಿರೋಶಿಮಾದಿಂದ ಹೊರಟು ಮೊಬೈಲ್ ಗೇಮಿಗೆ ಬಂದು ನಿಲ್ಲುತ್ತಾರೆ. ಕೊನೆಗೆ ಅಧ್ಯಕ್ಷರು ಎದ್ದು, ಚಾಕು ಹಣ್ಣನ್ನೂ ಕೊಯ್ಯುತ್ತದೆ ಕೈಯನ್ನೂ ಕೊಯ್ಯುತ್ತದೆ, ಎಲ್ಲವೂ ಬಳಸುವವನ ಮೇಲಿದೆ ಎನ್ನುತ್ತಾರೆ. ಚಪ್ಪಾಳೆ ಬೀಳುತ್ತದೆ. ಪಾಠ ಹೇಳುವ ಕೆಲಸದಲ್ಲಿರುವುದರಿಂದ ಇಂಥ ಸ್ಪರ್ಧೆಗಳಲ್ಲಿ ತೀರ್ಪುಗಾರನಾಗಿ ನಾನು ಹಲವು ಸಲ ಕೂತಿದ್ದೇನೆ. ಚಾಕುವಿನ ಮಾತು ಬಂದಾಗಲೆಲ್ಲ ನನಗೊಂದು ಸಣ್ಣ ಕಿರಿಕಿರಿ. ಚಾಕು ಹಿಡಿದವನೂ ಅದು ತಾಗುವ ವಸ್ತುವೂ ಒಂದೇ ಕಡೆ, ಕಣ್ಣೆದುರಿಗೇ ಇರುತ್ತವೆ. ನಾವು ದಿನವೂ ಬಳಸುವ ಯಂತ್ರಗಳು ಹಾಗಿಲ್ಲವಲ್ಲ.

ಗೋಡೆಯ ಮೇಲಿನ ಸ್ವಿಚ್ಚನ್ನೇ ನೋಡಿ. ನಾನು ಒತ್ತುವ ಜಾಗ ಒಂದು, ಅದರ ಪೆಟ್ಟು ಬೀಳುವ ಜಾಗ ಇನ್ನೊಂದು, ನಡುವೆ ನೂರಾರು ಕಿಲೋಮೀಟರ್ ತಂತಿ. ‘ಒಳ್ಳೆಯದಕ್ಕೆ ಬಳಸಿ’ ಎಂಬ ಬುದ್ಧಿಮಾತು ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ನಾನು ದೀಪ ಹಾಕಿಕೊಂಡು ಪುರಾಣ ಓದಿದರೂ ಇಸ್ಪೀಟು ಆಡಿದರೂ, ಅಲ್ಲಿ ಮುಳುಗಿದ್ದು ಮುಳುಗಿಯೇ ಇರುತ್ತದೆ.

ನಮ್ಮ ಕಡೆ ಈ ತಂತಿಯ ಕತೆ ಶುರುವಾದದ್ದು ಶಿವನಸಮುದ್ರದಲ್ಲಿ. 1902ರಲ್ಲಿ ಅಲ್ಲಿ ಕಾವೇರಿಯ ನೀರಿನಿಂದ ತಯಾರಾದ ಕರೆಂಟು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಹೋಯಿತು. ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಅದೂ ಒಂದು. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರೆಲ್ಲ ಇದನ್ನು ಬಾಯಿಪಾಠ ಮಾಡಿರುತ್ತಾರೆ. ಹೆಮ್ಮೆಯ ವಿಷಯವೂ ಹೌದು. ಆದರೆ ಆ ವಾಕ್ಯದಲ್ಲೇ ಇರುವ ಇನ್ನೊಂದು ಸಂಗತಿಯನ್ನು ಯಾರೂ ಎತ್ತಿ ತೋರಿಸುವುದಿಲ್ಲ. ಆ ಕರೆಂಟು ಮೊದಲು ಹೋದದ್ದು ಬ್ರಿಟಿಷ್ ಕಂಪನಿ ನಡೆಸುತ್ತಿದ್ದ ಗಣಿಗೆ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ತಂತಿ ಯಾವ ಹಳ್ಳಿಗಳ ತಲೆಯ ಮೇಲೆ ಹಾದುಹೋಯಿತೋ ಅವು ದಶಕಗಟ್ಟಲೆ ಚಿಮಣಿ ಬುಡ್ಡಿಯ ಬೆಳಕಿನಲ್ಲೇ ಉಳಿದವು. ವಿದ್ಯುತ್ತಿಗೆ ಜಾತಿ ಮತ ಇಲ್ಲ ಎನ್ನುತ್ತೇವೆ, ಸರಿ. ಆದರೆ ಅದಕ್ಕೊಂದು ಸರತಿ ಸಾಲು ಇತ್ತು, ಸಾಲಿನಲ್ಲಿ ಮುಂದೆ ನಿಂತವರು ಯಾರೆಂಬುದೂ ಗೊತ್ತಿತ್ತು.

ಶರಾವತಿಗೆ ಬಂದರೆ ಸಾಲಿನ ಮಾತೇ ಸಾಲದು. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಅದಕ್ಕೂ ಮೊದಲು ಮಡೆನೂರಿನ ಬಳಿ ಹಿರೇಭಾಸ್ಕರ ಅಣೆಕಟ್ಟು ಇತ್ತು. ಹೊಸ ಅಣೆಕಟ್ಟಿನ ನೀರು ಹಳೆಯ ಅಣೆಕಟ್ಟನ್ನೇ ನುಂಗಿತು. ಹಿನ್ನೀರು ತೀರ ಇಳಿದ ಬೇಸಿಗೆಯಲ್ಲಿ ಅದು ಈಗಲೂ ಮೇಲೆ ಕಾಣಿಸುತ್ತದೆ, ಜನ ಹೋಗಿ ಫೋಟೋ ತೆಗೆಸಿಕೊಂಡು ಬರುತ್ತಾರೆ. ಅಣೆಕಟ್ಟಿನ ಜೊತೆ ಮುಳುಗಿದ ಅಡಿಕೆ ತೋಟ, ಗದ್ದೆ, ಮನೆಯಂಗಳಗಳು ಹಾಗೆ ಮೇಲೆ ಬರುವುದಿಲ್ಲ. ಎದ್ದು ಹೋದ ಕುಟುಂಬಗಳನ್ನು ಶಿವಮೊಗ್ಗ ಜಿಲ್ಲೆಯ ಬೇರೆ ಬೇರೆ ಕಡೆ, ಹಲವು ಸಲ ಕಾಡಿನ ಜಾಗದಲ್ಲಿ ಇಳಿಸಲಾಯಿತು. ಆ ಜಾಗದ ಹಕ್ಕುಪತ್ರದ ತಕರಾರು ಅರವತ್ತು ವರ್ಷ ದಾಟಿದರೂ ಬಗೆಹರಿದಿಲ್ಲ. ಪ್ರತಿ ಚುನಾವಣೆಗೂ ಅದೊಂದು ಭರವಸೆ. ಹಿನ್ನೀರಿನ ಆಚೆ ಉಳಿದುಬಿಟ್ಟವರು ಆಸ್ಪತ್ರೆಗೂ ಕಾಲೇಜಿಗೂ ಲಾಂಚ್ ಕಾಯಬೇಕಾಯಿತು. ಸಿಗಂದೂರಿನ ಸೇತುವೆ ಸಂಚಾರಕ್ಕೆ ತೆರೆದದ್ದು 2025ರ ಜುಲೈಯಲ್ಲಿ. ನಾಡಿಗೆಲ್ಲ ಬೆಳಕು ಕೊಟ್ಟ ನೀರಿನ ದಡದಲ್ಲಿ ಎಷ್ಟೋ ಮನೆಗಳು ಎಷ್ಟೋ ವರ್ಷ ಲಾಟೀನು ಹಚ್ಚಿಕೊಂಡು ಕೂತವು. ದೀಪದ ಬುಡದಲ್ಲಿ ಕತ್ತಲು ಎಂಬ ಗಾದೆ ಅಲ್ಲಿ ಗಾದೆಯಾಗಿರಲಿಲ್ಲ, ವರದಿಯಾಗಿತ್ತು.

ನಾ. ಡಿಸೋಜ ಅವರ ‘ಮುಳುಗಡೆ’ ಮತ್ತು ‘ದ್ವೀಪ’ ಓದಿದವರಿಗೆ ಇದೆಲ್ಲ ಗೊತ್ತು. ಅವರು ಆ ಯೋಜನೆಯ ಕಚೇರಿಯಲ್ಲೇ ನೌಕರಿ ಮಾಡಿದವರು. ಕಡತದ ಈ ಕಡೆ ಕೂತು ಆ ಕಡೆಯವರ ಮುಖ ನೋಡಿದ್ದರಿಂದಲೇ ಅವರ ಕತೆಗಳಲ್ಲಿ ಅಣೆಕಟ್ಟು ರಾಕ್ಷಸನಂತೆ ಬರುವುದಿಲ್ಲ ಎಂದು ನನಗನ್ನಿಸುತ್ತದೆ. ನೋಟಿಸು, ಪರಿಹಾರದ ಲೆಕ್ಕ, ಗಡುವು, ಇವೇ ಸಾಕು.

ಹಾಗಾದರೆ ಶರಾವತಿ ಬೇಡವಾಗಿತ್ತೇ? ಬೇಡವಾಗಿತ್ತು ಎಂದು ಹೇಳುವ ಧೈರ್ಯ ನನಗಿಲ್ಲ, ಹೇಳುವ ಹಕ್ಕೂ ಇದ್ದಂತಿಲ್ಲ. ಶರಾವತಿ ಕಣಿವೆಯ ವಿದ್ಯುದಾಗಾರ ಒಂದರದ್ದೇ ಸಾಮರ್ಥ್ಯ 1035 ಮೆಗಾವಾಟ್. ನನ್ನ ತಲೆಮಾರಿನ ಬಯಲುಸೀಮೆಯ ಹುಡುಗರು ಓದಿದ್ದು ಆ ಬೆಳಕಿನಲ್ಲಿ. ನಮ್ಮ ಊರಿನ ಪಂಪ್‌ಸೆಟ್ಟು, ಹಿಟ್ಟಿನ ಗಿರಣಿ, ಹೆರಿಗೆ ಆಸ್ಪತ್ರೆಯ ದೀಪ ಎಲ್ಲಕ್ಕೂ ಅದರ ಪಾಲಿದೆ. ನನ್ನ ತಕರಾರು ಬೇರೆ. ಇಷ್ಟೆಲ್ಲ ಪಡೆದ ನಮಗೆ, ಕೊಟ್ಟವರ ಒಂದು ಊರಿನ ಹೆಸರೂ ಗೊತ್ತಿಲ್ಲ. ಕರೆಂಟು ಹೋದರೆ ಸಿಟ್ಟು ಬರುತ್ತದೆ. ಕರೆಂಟು ಇದ್ದಾಗ ಏನೂ ಅನ್ನಿಸುವುದಿಲ್ಲ.

ಈ ಏನೂ ಅನ್ನಿಸದಿರುವಿಕೆಯನ್ನು ವಿಡಿಯೋ ಗೇಮಿನ ಪಕ್ಕ ಇಟ್ಟು ನೋಡಬೇಕು. ಮಗ ರಾತ್ರಿ ಎರಡರವರೆಗೆ ಫೋನಿನಲ್ಲಿ ಆಡುತ್ತಿದ್ದರೆ ಮನೆಯಲ್ಲಿ ರಂಪ. ಅದೇ ಮನೆಯಲ್ಲಿ ಎಸಿ ಬೆಳಗಿನವರೆಗೆ ಓಡಿದರೆ ಬಿಲ್ಲಿನ ಮಾತು ಬಿಟ್ಟು ಇನ್ನೊಂದು ಮಾತು ಏಳುವುದಿಲ್ಲ. ಒಂದನ್ನು ಚಟ ಎನ್ನುತ್ತೇವೆ, ಇನ್ನೊಂದನ್ನು ಅನುಕೂಲ ಎನ್ನುತ್ತೇವೆ. ಆಟದ ಬೆಲೆ ನಮ್ಮ ಮನೆಯಲ್ಲೇ ಸಂದಾಯವಾಗುತ್ತದೆ, ಮಗನ ನಿದ್ದೆ, ಮಗನ ಅಂಕ. ಎಸಿಯ ಬೆಲೆ ಕಟ್ಟುವವರು ಎಲ್ಲೋ ಇದ್ದಾರೆ. ಎರಡಕ್ಕೂ ಬೇರೆ ಬೇರೆ ಹೆಸರು ಬಿದ್ದದ್ದಕ್ಕೆ ನನಗೆ ಕಾಣುವ ಕಾರಣ ಇಷ್ಟೇ.

ಗೇಮುಗಳ ಪರವಾಗಿ ನಾಲ್ಕು ಮಾತು ಆಡದೆ ಮುಂದೆ ಹೋಗುವುದು ನ್ಯಾಯವಲ್ಲ. 1958ರಲ್ಲಿ ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ ವಿಲಿಯಂ ಹಿಗಿನ್‌ಬಾಥಮ್ ಎಂಬ ಭೌತವಿಜ್ಞಾನಿ ಒಂದು ಸಣ್ಣ ಪರದೆಯ ಮೇಲೆ ಟೆನಿಸ್ ಆಟ ಮೂಡಿಸಿದ. ಪ್ರಯೋಗಾಲಯ ನೋಡಲು ಬರುವ ಸಾರ್ವಜನಿಕರಿಗೆ ಬೇಸರವಾಗದಿರಲಿ ಎಂಬುದಷ್ಟೇ ಉದ್ದೇಶ. ಜನ ಸಾಲುಗಟ್ಟಿ ನಿಂತು ಆಡಿದರು. ಅದೇ ಮನುಷ್ಯ ಯುದ್ಧಕಾಲದಲ್ಲಿ ಅಣುಬಾಂಬಿನ ಎಲೆಕ್ಟ್ರಾನಿಕ್ಸ್ ಕೆಲಸ ಮಾಡಿದವನು, ಆಮೇಲೆ ಅಣ್ವಸ್ತ್ರಗಳ ಹರಡುವಿಕೆಯ ವಿರುದ್ಧ ದುಡಿದವನು. ಆಟದಿಂದ ಕಾಸು ಮಾಡುವ ಯೋಚನೆಯನ್ನೂ ಅವನು ಮಾಡಲಿಲ್ಲ. 1984ರಲ್ಲಿ ಮಾಸ್ಕೋದಲ್ಲಿ ಅಲೆಕ್ಸಿ ಪಜಿತ್ನೋವ್ ಬರೆದ ಟೆಟ್ರಿಸ್ ಕೂಡ ಹೀಗೆ ಕೆಲಸದ ನಡುವಿನ ಆಟವಾಗಿಯೇ ಹುಟ್ಟಿತು. ಚೌಕಾಬಾರ, ಅಳಗುಳಿಮಣೆಗಳಲ್ಲಿ ಮನಸ್ಸು ಪಡೆಯುವ ಚುರುಕು ಇವುಗಳಲ್ಲೂ ಇದೆ. ಆಡುವವನು ಸೋಲುತ್ತಾನೆ, ಮತ್ತೆ ಆಡುತ್ತಾನೆ, ಸಾಕೆನಿಸಿದಾಗ ಏಳುತ್ತಾನೆ.

ಈಗಿನ ಬಹಳಷ್ಟು ಮೊಬೈಲ್ ಆಟಗಳಲ್ಲಿ ಕೈ ಹಾಕಿರುವುದು ಈ ‘ಸಾಕು’ ಎಂಬುದಕ್ಕೇ. ನನ್ನ ಅಕ್ಕನ ಮಗ ಪಿಯುಸಿ ಓದುತ್ತಿದ್ದಾನೆ. ಮದುವೆಮನೆಯಲ್ಲಿ ಊಟದ ಪಂಕ್ತಿಯಲ್ಲೂ ಫೋನು ತೆಗೆದ. ಎಲೆಯ ಮುಂದೆ ಕೂತು ಇದೇನೋ ಎಂದೆ. “ಆಡ್ತಿಲ್ಲ ಮಾಮ, ಬರೀ ಲಾಗಿನ್ ಆಗ್ತಿದೀನಿ. ಇವತ್ತು ಆಗ್ಲಿಲ್ಲ ಅಂದ್ರೆ ನಲವತ್ತು ದಿನದ್ದು ಎಲ್ಲಾ ಹೋಗುತ್ತೆ” ಎಂದ. ಈ ಮಾತು ನನ್ನ ತಲೆಯಲ್ಲಿ ಬಹಳ ದಿನ ಉಳಿಯಿತು. ಅವನು ಆಡುತ್ತಿರಲಿಲ್ಲ, ಹಾಜರಿ ಹಾಕುತ್ತಿದ್ದ. ಖುಷಿಗೆಂದು ಹೋದವನನ್ನು ನಷ್ಟದ ಭಯ ತೋರಿಸಿ ಹಿಡಿದಿಟ್ಟುಕೊಳ್ಳುವ ಈ ಲೆಕ್ಕಾಚಾರವನ್ನು ಯಾರೋ ಕೂತು ಮಾಡಿದ್ದಾರೆ. ದುಡ್ಡು ಕೊಟ್ಟು ಪೆಟ್ಟಿಗೆ ತೆರೆದು ಅದೃಷ್ಟ ನೋಡುವ ಕೆಲವು ಆಟಗಳನ್ನು ಬೆಲ್ಜಿಯಂ 2018ರಲ್ಲೇ ಜೂಜೆಂದು ತೀರ್ಮಾನಿಸಿತು. ನಮ್ಮಲ್ಲಿ 2025ರ ಆಗಸ್ಟಿನಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನು ಬಂತು. ಬೆಂಗಳೂರಿನ ನಿಮ್ಹಾನ್ಸ್ ಇಂಥವರಿಗಾಗಿ 2014ರಲ್ಲೇ ಪ್ರತ್ಯೇಕ ಕ್ಲಿನಿಕ್ ತೆರೆದಿತ್ತು. ಅಂದರೆ ಗೇಮಿನ ವಿಷಯದಲ್ಲಿ ವೈದ್ಯರಿದ್ದಾರೆ, ಕಾನೂನು ಇದೆ, ಅಳುವ ಅಮ್ಮಂದಿರಿದ್ದಾರೆ. ಇರಲಿ, ಬೇಕು. ಮುಳುಗಿದವರಿಗೆ ಇದರಲ್ಲಿ ಅರ್ಧ ಗದ್ದಲವಾದರೂ ಸಿಕ್ಕಿದ್ದರೆ!

ಆಟ ಮತ್ತು ಪಣದ ಮಾತು ಬಂದಾಗ ನಮ್ಮ ಮನಸ್ಸು ತಾನಾಗಿಯೇ ಹಸ್ತಿನಾವತಿಯ ಸಭೆಗೆ ಹೋಗುತ್ತದೆ. ಧರ್ಮರಾಯನಿಗೆ ಜೂಜಿನ ಚಟವಿತ್ತು ಎಂಬುದು ಸಣ್ಣ ದೋಷ. ಚಟವಷ್ಟೇ ಆಗಿದ್ದರೆ ಅವನು ತನ್ನ ಒಡವೆ ಕಳೆದುಕೊಂಡು ಮನೆಗೆ ಹೋಗುತ್ತಿದ್ದ, ನಾವು ಅಯ್ಯೋ ಎನ್ನುತ್ತಿದ್ದೆವು. ಅವನು ತಮ್ಮಂದಿರನ್ನು ಇಟ್ಟ, ಹೆಂಡತಿಯನ್ನು ಇಟ್ಟ. ಆಗ ದ್ರೌಪದಿ ಕೇಳಿದ್ದು ಜೂಜು ಒಳ್ಳೆಯದೋ ಕೆಟ್ಟದ್ದೋ ಎಂದಲ್ಲ. ಅರಸ ಮೊದಲು ಸೋತದ್ದು ತನ್ನನ್ನೋ ನನ್ನನ್ನೋ, ತನ್ನನ್ನೇ ಸೋತವನಿಗೆ ನನ್ನನ್ನು ಪಣಕ್ಕಿಡುವ ಹಕ್ಕು ಎಲ್ಲಿಂದ ಬಂತು ಎಂದು. ಭೀಷ್ಮನಂಥವನೂ ಧರ್ಮ ಸೂಕ್ಷ್ಮ ಎಂದು ಜಾರಿಕೊಂಡ. ತಂತ್ರಜ್ಞಾನದ ಬಗ್ಗೆ ನಾವು ನಡೆಸುವ ಚರ್ಚೆಯಲ್ಲಿ ಇಲ್ಲದಿರುವುದು ಈ ಪ್ರಶ್ನೆಯೇ. ಹುಡುಗ ಗೇಮಿಗೆ ತನ್ನ ರಾತ್ರಿಗಳನ್ನು ಇಡುತ್ತಾನೆ. ತಪ್ಪಿರಬಹುದು, ಆದರೆ ಅವು ಅವನವು. 1964ರಲ್ಲಿ ಪಣಕ್ಕಿಟ್ಟ ಊರುಗಳು ಇಟ್ಟವರ ಸ್ವಂತದ್ದಾಗಿರಲಿಲ್ಲ. ಆಟ ಗೆದ್ದಿತು ಎಂಬುದೂ ನಿಜ. ಗೆದ್ದ ಮಾತ್ರಕ್ಕೆ ದ್ರೌಪದಿಯ ಪ್ರಶ್ನೆಗೆ ಉತ್ತರ ಕೊಟ್ಟಂತಾಗುತ್ತದೆಯೇ?

ಕಂಪ್ಯೂಟರ್ ಈ ಎರಡರ ನಡುವೆ ಎಲ್ಲೋ ನಿಲ್ಲುತ್ತದೆ. ಅದು ಯಾರ ಊರನ್ನೂ ಮುಳುಗಿಸಲಿಲ್ಲ, ಹೊರನೋಟಕ್ಕೆ. ಇಪ್ಪತ್ತೈದು ವರ್ಷದ ಹಿಂದೆ ಕರ್ನಾಟಕದಲ್ಲಿ ‘ಭೂಮಿ’ ಯೋಜನೆ ಬಂದಾಗ ಸುಮಾರು ಎರಡು ಕೋಟಿ ಪಹಣಿಗಳು ಕಂಪ್ಯೂಟರಿಗೆ ಹೋದವು. ಗ್ರಾಮಲೆಕ್ಕಿಗರ ಮನೆ ಬಾಗಿಲು ಕಾಯುವುದು ತಪ್ಪಿ, ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಹದಿನೈದು ರೂಪಾಯಿ ಕೊಟ್ಟರೆ ಪಹಣಿ ಸಿಗುವಂತಾಯಿತು. ರೈತರಿಗೆ ಅದು ಸಣ್ಣ ಉಪಕಾರವೇನಲ್ಲ. ಆದರೆ ಕೈಬರಹದ ಪಹಣಿಗೆ ಬೆಲೆ ಹೋದಮೇಲೆ ಯಂತ್ರದಲ್ಲಿ ಇದ್ದದ್ದೇ ಸತ್ಯವಾಯಿತು. ಹಕ್ಕುಪತ್ರವಿಲ್ಲದ ಶರಾವತಿ ಸಂತ್ರಸ್ತನ ಹೆಸರು ಅಲ್ಲಿ ಬರುವುದು ಹೇಗೆ? ಪುಸ್ತಕದಲ್ಲಿ ಇಲ್ಲದ್ದು ಕಂಪ್ಯೂಟರಿನಲ್ಲೂ ಇಲ್ಲ. ಹಿಂದೆ ಶಾನುಭೋಗರ ಎದುರು ಕೈಮುಗಿದು, ಜಗಳವಾಡಿ, ಸಾಕ್ಷಿ ಕರೆತಂದು ಹೇಳಲು ಒಬ್ಬ ಮನುಷ್ಯನಾದರೂ ಇದ್ದ. ಈಗ ಕಿಟಕಿಯೊಳಗಿನ ಹುಡುಗ ಪರದೆಯನ್ನು ನಮ್ಮ ಕಡೆ ತಿರುಗಿಸಿ ‘ನೋಡಿ ಸಾರ್, ಬರ್ತಾ ಇಲ್ಲ’ ಎನ್ನುತ್ತಾನೆ. ಅವನ ಮೇಲೆ ಸಿಟ್ಟಾಗುವುದೂ ಸಾಧ್ಯವಿಲ್ಲ.

ಇಷ್ಟು ಹೇಳಿದಾಗ ಸಾಮಾನ್ಯವಾಗಿ ಬರುವ ಆಕ್ಷೇಪ ಒಂದಿದೆ. ಫೋನಿನಲ್ಲಿ ಬರೆದು, ಕರೆಂಟಿನಲ್ಲಿ ಓದಿ, ಫೋನನ್ನೂ ಕರೆಂಟನ್ನೂ ಟೀಕಿಸುತ್ತೀರಲ್ಲ ಎಂದು. ಗಾಂಧಿ ‘ಹಿಂದ್ ಸ್ವರಾಜ್’ನಲ್ಲಿ ರೈಲನ್ನು ಬೈದು ರೈಲಿನಲ್ಲೇ ದೇಶ ಸುತ್ತಿದರು ಎಂದು ನಗುವವರ ತರ್ಕವೂ ಇದೇ. ಶಿವರಾಮ ಕಾರಂತರು ಕೈಗಾ ಅಣುಸ್ಥಾವರವನ್ನು ವಿರೋಧಿಸಿ, 1989ರಲ್ಲಿ ಲೋಕಸಭೆಗೆ ಸ್ಪರ್ಧಿಸುವವರೆಗೂ ಹೋದರು, ಸೋತರು. ಅವರಂಥ ವಿರೋಧಿಗಳಿಗೆಲ್ಲ ‘ಹಾಗಾದರೆ ಬುಡ್ಡಿ ದೀಪ ಹಚ್ಚಿಕೊಳ್ಳಿ’ ಎಂಬ ಕುಹಕ ತಪ್ಪಿದ್ದಲ್ಲ. ಈ ಆಕ್ಷೇಪದಲ್ಲಿ ಹುರುಳಿಲ್ಲ ಎಂದೇ ನನ್ನ ಅಭಿಪ್ರಾಯ. ಅನ್ನ ಉಣ್ಣುವವನು ಗೇಣಿದಾರನಿಗೆ ನ್ಯಾಯ ಸಿಗಬೇಕೆಂದರೆ ಅವನಿಗೆ ‘ಹಾಗಾದರೆ ಉಪವಾಸ ಇರು’ ಎನ್ನುತ್ತೇವೆಯೇ? ಉಂಡವನೇ ಕೇಳಬೇಕಾದ ಪ್ರಶ್ನೆ ಅದು. ಉಣ್ಣದವನ ಮಾತನ್ನು ನಾವು ಹೇಗೂ ಅಸೂಯೆ ಎಂದು ತಳ್ಳಿಹಾಕುತ್ತೇವೆ.

ಈ ಚರ್ಚೆ ಹಳೆಯ ಕಾಲದ್ದೇನಲ್ಲ. ಪಾವಗಡದ ಸೋಲಾರ್ ಪಾರ್ಕಿಗೆ ರೈತರ ಸುಮಾರು 13,000 ಎಕರೆಯನ್ನು ಕೊಳ್ಳದೆ ಗುತ್ತಿಗೆಗೆ ಪಡೆದರು. ಶರಾವತಿಗೆ ಹೋಲಿಸಿದರೆ ಎಷ್ಟೋ ವಾಸಿ. ಭೂಮಿ ರೈತನದ್ದಾಗಿಯೇ ಉಳಿಯಿತು, ವರ್ಷಕ್ಕಿಷ್ಟು ಎಂದು ಬಾಡಿಗೆ ಬರುತ್ತದೆ. ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರಿಗೆ, ಕುರಿ ಮೇಯಿಸುತ್ತಿದ್ದವರಿಗೆ ಬಾಡಿಗೆ ಬರುವುದಿಲ್ಲ; ಅವರ ಹೆಸರೂ ಪಹಣಿಯಲ್ಲಿಲ್ಲ. ಮತ್ತು ಸೂರ್ಯ ಮುಳುಗಿದ ಮೇಲೆ ಸೋಲಾರ್ ಕೆಲಸಕ್ಕೆ ಬರುವುದಿಲ್ಲವಾದ್ದರಿಂದ ಕತೆ ಮತ್ತೆ ಶರಾವತಿಗೇ ಬಂದಿದೆ. ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ 2000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಯ ಪ್ರಸ್ತಾಪವಿದೆ. ಕರೆಂಟಿಗೆ ಬೇಡಿಕೆ ಇಲ್ಲದ ಹೊತ್ತಿನಲ್ಲಿ ನೀರನ್ನು ಮೇಲಕ್ಕೆತ್ತುವುದು, ಸಂಜೆ ನಾವೆಲ್ಲ ಮನೆಗೆ ಬಂದು ಟಿವಿ, ಗೀಸರ್, ಎಸಿ, ಗೇಮು ಹಾಕಿದಾಗ ಕೆಳಕ್ಕೆ ಬಿಡುವುದು. ಮರಳಿ ಸಿಗುವುದಕ್ಕಿಂತ ಎತ್ತಲು ಬೇಕಾದ ಕರೆಂಟೇ ಹೆಚ್ಚು. ಆದರೂ ಬೇಕಾದ ಹೊತ್ತಿಗೆ ಸಿಗುತ್ತದಲ್ಲ ಎಂಬುದು ಪರವಾಗಿರುವವರ ವಾದ, ಅದು ಸುಳ್ಳು ವಾದವೂ ಅಲ್ಲ. ಅದಕ್ಕೆ ಸಿಂಗಳೀಕಗಳ ಕಾಡು ಬೇಕಾಗುತ್ತದೆ.

ಒಂದು ವ್ಯತ್ಯಾಸವಿದೆ. ಅರವತ್ತರ ದಶಕದಲ್ಲಿ ಮುಳುಗುವವರನ್ನು ಮೊದಲು ಕೇಳಬೇಕೆಂಬ ಕಾನೂನು ಇರಲಿಲ್ಲ. ಈಗ ಇಂಥ ಯೋಜನೆಗೆ ಸಾರ್ವಜನಿಕ ಅಹವಾಲು ಸಭೆ ನಡೆಯಬೇಕು. ನಡೆಯಿತು, ಜನ ಬಂದರು, ಬಲವಾಗಿ ವಿರೋಧಿಸಿದರು. ಅಲ್ಲಿ ಮಾತಾಡಿದವರು ಬೆಲೆ ತೆರುವ ಕಡೆಯವರು. ನೀರು ಕೆಳಗಿಳಿಯುವ ಸಂಜೆಯ ಹೊತ್ತಿನಲ್ಲಿ ಸ್ವಿಚ್ಚು ಹಾಕುವ ನಮ್ಮನ್ನು, ಅದರಲ್ಲಿ ಎಷ್ಟನ್ನು ಬಿಡಬಲ್ಲಿರಿ ಎಂದು ಕೇಳುವ ಸಭೆ ಬೆಂಗಳೂರಿನಲ್ಲಿ ಯಾರೂ ಕರೆದದ್ದು ನಾನು ನೋಡಿಲ್ಲ.