ದೋಷ ಯಾರದು?

ಕನ್ನಡದಲ್ಲಿ ‘ದೋಷ’ ಎಂಬ ಮಾತು ಎರಡು ಕೆಲಸ ಮಾಡುತ್ತದೆ. ಯಂತ್ರ ಕೆಟ್ಟರೂ ದೋಷವೇ, ಮನುಷ್ಯ ತಪ್ಪಿದರೂ ದೋಷವೇ. ಈ ಸೌಕರ್ಯ ನಮಗೆ ದುಬಾರಿಯಾಗಿ ಬಿದ್ದಿದೆಯೆಂದು ನನಗೆ ಬಹುಕಾಲದಿಂದ ತೋರುತ್ತಿದೆ. ಕೊಡದಲ್ಲಿ ಬಿರುಕು ಕಂಡವರು ಮರುಕ್ಷಣವೇ ಕೊಡ ಹೊತ್ತವಳ ಕಡೆಗೆ ತಿರುಗುತ್ತಾರೆ. ಇಂದಿನ ಮನೆಗಳಲ್ಲಿ ಈ ತಿರುಗಾಟವನ್ನು ನೋಡಬೇಕಾದರೆ ಇಂಟರ್‌ನೆಟ್ ನಿಂತುಹೋದ ಗಳಿಗೆಯೇ ಪ್ರಶಸ್ತ.

ಫೋನಿನ ಮೇಲಂಚಿನಲ್ಲಿ ವೈಫೈ ಗೆರೆಗಳು ಪೂರ್ತಿಯಾಗಿ ನಿಂತಿರುತ್ತವೆ. ಬೇಕಾದ ಪುಟ ಮಾತ್ರ ತೆರೆಯದು. “ಸಿಗ್ನಲ್ ಚೆನ್ನಾಗಿಯೇ ಇದೆಯಲ್ಲ!” ಎಂದು ಎಲ್ಲರಿಗೂ ಆಶ್ಚರ್ಯ. ಆ ಗೆರೆಗಳು ಹೇಳುವುದು ಫೋನಿಗೂ ಗೋಡೆಯ ಮೇಲಿನ ರೌಟರಿಗೂ ಇರುವ ನಂಟನ್ನಷ್ಟೆ. ರೌಟರಿಗೂ ಹೊರಲೋಕಕ್ಕೂ ಇರುವ ನಂಟಿನ ವಿಚಾರದಲ್ಲಿ ಅವು ಮೂಕ. ನಮ್ಮ ತಾರ್ಕಿಕರು ಇದನ್ನು ಬಲ್ಲರು: ಹೊಗೆಯಿಂದ ಬೆಂಕಿಯನ್ನು ಊಹಿಸಬಹುದು, ಬೆಂಕಿಯಿಂದ ಹೊಗೆಯನ್ನು ಊಹಿಸಲಾಗದು, ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ.

ನುರಿತವರ ಕ್ರಮವೇ ಬೇರೆ. ಅವರು ಹತ್ತಿರದಿಂದ ದೂರಕ್ಕೆ ಹೋಗುತ್ತಾರೆ. 127.0.0.1 ಎಂಬ ವಿಳಾಸಕ್ಕೆ ಒಂದು ಕರೆ ಕಳುಹಿಸಿದರೆ ಕಂಪ್ಯೂಟರು ತನ್ನನ್ನು ತಾನೇ ಕೂಗಿ ನೋಡಿಕೊಳ್ಳುತ್ತದೆ. ಅಲ್ಲಿ ಉತ್ತರ ಬಂದ ಮೇಲೆ ರೌಟರನ್ನು ಕೂಗಬೇಕು. ಅದರ ವಿಳಾಸ ಎಷ್ಟೋ ಮನೆಗಳಲ್ಲಿ 192.168.1.1. ಅನಂತರ 8.8.8.8ರಂಥ ಹೊರಗಿನದೊಂದು ವಿಳಾಸ. ಸಂಖ್ಯೆಗೆ ಉತ್ತರ ಬಂದು ಹೆಸರಿಗೆ ಬಾರದಿದ್ದರೆ, ದಾರಿ ನೆಟ್ಟಗಿದೆ, ಹೆಸರನ್ನು ಸಂಖ್ಯೆಯಾಗಿ ತಿರುಗಿಸಿಕೊಡುವ ಡಿಎನ್‌ಎಸ್ ಎಂಬ ಏರ್ಪಾಟಿನಲ್ಲಿ ತೊಡಕಿದೆ ಎಂದು ತಿಳಿಯಬೇಕು. ಈ ಕೂಗಿಗೆ ‘ಪಿಂಗ್’ ಎಂದು ಹೆಸರು. 1983ರಲ್ಲಿ ಅಮೆರಿಕದ ಮೈಕ್ ಮ್ಯೂಸ್ ಎಂಬಾತ ಬರೆದ ಪುಟ್ಟ ಪ್ರೋಗ್ರಾಂ ಅದು. ಪರೀಕ್ಷೆ ತನ್ನಿಂದಲೇ ಮೊದಲಾಗುತ್ತದೆಂಬುದು ನನಗೆ ಬಹಳ ಹಿಡಿಸಿದ ಸಂಗತಿ.

ಮನೆಮದ್ದು ಇನ್ನೊಂದಿದೆ: ಆರಿಸಿ ಮತ್ತೆ ಹಚ್ಚುವುದು. ಇದನ್ನು ಹಗುರವಾಗಿ ಕಾಣಬೇಕಾಗಿಲ್ಲ. ಎಲ್ಲೋ ಸಿಕ್ಕಿಕೊಂಡ ರೌಟರು ಹಳೆಯ ಗೋಜಲನ್ನು ಮರೆತು ಹೊಸದಾಗಿ ನಂಟು ಬೆಳೆಸುತ್ತದೆ, ಎಷ್ಟೋ ಸಲ ಗುಣವೂ ಆಗುತ್ತದೆ. ಆದರೆ ಹಚ್ಚಿದ್ದರಿಂದಲೇ ಬಂದಿತೋ, ಬರುವ ಹೊತ್ತಿಗೆ ನಾವು ಹಚ್ಚಿದೆವೋ? ಕಾಗೆ ಕೂತಿತು, ತಾಳೆಯ ಹಣ್ಣು ಬಿದ್ದಿತು. ಸುಮ್ಮನಿದ್ದರೂ ಬರುತ್ತಿತ್ತೇ ಎಂದು ಕಾದು ನೋಡುವ ತಾಳ್ಮೆ ಯಾವ ಸಂಸಾರದಲ್ಲಿದೆ? ಪೆಟ್ಟಿಗೆಯ ಮಟ್ಟಿಗೆ ಇಷ್ಟು ಉದಾಸೀನ ಕ್ಷಮ್ಯವೇ. ಅದಕ್ಕೆ ಮಾನಾಪಮಾನಗಳಿಲ್ಲ.

ನಮ್ಮ ಪಕ್ಕದ ಮನೆಯಲ್ಲಿ ಹನ್ನೆರಡು ವರ್ಷದ ಹುಡುಗನಿದ್ದಾನೆ. ಒಂದು ಶನಿವಾರ ಅವರ ಇಂಟರ್‌ನೆಟ್ ನಿಂತಿತು. “ನೀನೇ ಏನೋ ಮಾಡಿದ್ದೀಯ ಕಣೋ, ಸದಾ ಆ ಹಾಳು ಆಟ!” ಎಂದರು ಅವನ ಅಜ್ಜಿ. ತಂದೆ ಫೋನು ಕಿತ್ತಿಟ್ಟರು. ರೌಟರಿನ ಮೇಲೆ ಕೆಂಪು ದೀಪವೊಂದು ಉರಿಯುತ್ತಲೇ ಇತ್ತು. ಹೊರಗಿನ ತಂತುವಿನಿಂದ ಬೆಳಕು ಬರುತ್ತಿಲ್ಲವೆಂದು ಅದರ ಅರ್ಥ. ಓದುವವರಿರಲಿಲ್ಲ. ಬೀದಿಯಲ್ಲಿ ನೀರಿನ ಕೊಳವೆಗೆಂದು ಅಗೆದವರು ಕೂದಲೆಳೆಯಷ್ಟು ತೆಳುವಾದ ಆ ಗಾಜಿನ ಎಳೆಯನ್ನು ಕತ್ತರಿಸಿದ್ದರೆಂದು ಸೋಮವಾರ ತಿಳಿಯಿತು. ಎಳೆ ಕೂಡಿತು, ದೀಪ ಹಸಿರಾಯಿತು, ಫೋನೂ ಹಿಂದಕ್ಕೆ ಬಂತು.

ಆಪಾದನೆಯನ್ನು ಮಾತ್ರ ಯಾರೂ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಸರಿಹೋಯಿತಲ್ಲ, ಇನ್ನೇನು ಎಂಬ ಭಾವ. ಅವರು ಕೆಟ್ಟವರಲ್ಲ, ಪ್ರತಿಯೊಂದು ಸಣ್ಣ ತೊಂದರೆಗೂ ಮನೆಯಲ್ಲಿ ನ್ಯಾಯಸ್ಥಾನ ಹೂಡಲಾದೀತೆ? ಆದರೂ ಗಮನಿಸಿ: ಸಂಶಯ ಬಂದುದು ಹತ್ತು ಸಲ ಸಂಶಯಕ್ಕೆ ಗುರಿಯಾದವನ ಮೇಲೆಯೇ. ಹಿಂದಿನ ಒಂಬತ್ತರಲ್ಲಿ ಎಷ್ಟು ನಿಜವಿದ್ದಿತೆಂದು ಯಾರೂ ಲೆಕ್ಕವಿಟ್ಟಿಲ್ಲ. ಸಂಪರ್ಕ ಮರಳಿದರೆ ಸಂದೇಹ ತಾನಾಗಿ ಅಳಿಯುವುದೆಂದು ನಾವು ನಂಬುತ್ತೇವೆ. ಹೊತ್ತವನಿಗೆ ಅದು ಅಳಿದಂತೆ ಕಾಣುವುದಿಲ್ಲ.

ಮೊನ್ನೆ ಕರೆಂಟು ಹೋಯಿತು. ಬೀದಿಗೆ ಬೀದಿಯೇ ಕತ್ತಲು. ಆ ಮನೆಯ ಕಿಟಕಿಯಿಂದ ಯಾರೂ ಕೇಳುವ ಮೊದಲೇ ಹುಡುಗನ ದನಿ ಬಂದಿತು: “ಅಜ್ಜಿ, ನಾನೇನೂ ಮುಟ್ಟಲಿಲ್ಲ.”